ಕೃಷಿಹೊಂಡದ ದಂಡೆಯ ಕಂಚುಬಣ್ಣದ ಕುರ್ಚಿ

ಎರಡೇ ಇರಬೇಕು ಕುರ್ಚಿಗಳು. ಮೂರಿದ್ದರೂ ಇರಬಹುದು, ನನ್ನ ನೆನಪು ನನಗೆ ಅನುಕೂಲವಾದದ್ದನ್ನೇ ಹೇಳುವುದರಲ್ಲಿ ಪಳಗಿದೆ. ಹೋಗಲಿ, ಎರಡೆಂದೇ ಇಟ್ಟುಕೊಳ್ಳೋಣ. ಕೆಟ್ಟದ್ದು ಒಂದು ಎಂಬುದರಲ್ಲಂತೂ ಅನುಮಾನವಿಲ್ಲ.

ಅವು ನನ್ನವಲ್ಲ, ನನ್ನ ಹೆಂಡತಿಯ ತಮ್ಮ ಮಹಾದೇವನವು. ಹುಬ್ಬಳ್ಳಿಯಲ್ಲಿ ಕಬ್ಬಿಣದ ಮಂಚ ಮಾರಿಕೊಂಡಿದ್ದ ಅವನಿಗೆ, ಕಲಘಟಗಿಯ ಕಾಡಂಚಿನಲ್ಲಿ ರೆಸಾರ್ಟ್ ಕಟ್ಟಿಸುತ್ತಿದ್ದ ಸಾಹುಕಾರರೊಬ್ಬರು ಈಜುಕೊಳದ ದಂಡೆಗೆ ಅಲ್ಯೂಮಿನಿಯಂ ಕುರ್ಚಿ ಬೇಕೆಂದಿದ್ದರು. ಅವನ ಜೀವಮಾನದ ಮೊದಲ ದೊಡ್ಡ ಆರ್ಡರು. ಈಜುಕೊಳ ಇನ್ನೂ ಕಾಗದದ ಮೇಲಿತ್ತು. ಸಾಹುಕಾರರು ಮಾತ್ರ, "ನೀರಿನ ಬಾಜು ಹೆಂಗ ಕಾಣತಾವ, ತೋರಸ್ರಿ" ಎಂದರಂತೆ. ಮಹಾದೇವನಿಗೆ ಗೊತ್ತಿದ್ದ ನೀಲಿ ನೀರೆಂದರೆ ಅಣ್ಣಿಗೇರಿಯ ನಮ್ಮ ಎರೆಹೊಲದ ಕೃಷಿಹೊಂಡ. ತಳಕ್ಕೆ ನೀಲಿ ಪ್ಲಾಸ್ಟಿಕ್ ಹಾಸಿದ್ದರಿಂದ, ಕಪ್ಪೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಅದೂ ಈಜುಕೊಳವೇ. ಹೀಗೆ ಕಂಚುಬಣ್ಣದ ಕುರ್ಚಿಗಳು, ಸಾಹುಕಾರರು ನೋಡಲು ಬರುವ ನಾಲ್ಕು ದಿನ ಮೊದಲೇ, ಹೊಲದಲ್ಲೇ ಇರುವ ನಮ್ಮ ಮನೆಗೆ ಬಂದು ಹೊಂಡದ ದಂಡೆಯಲ್ಲಿ ಕುಳಿತವು.

"ಮಾಮಾ, ಇದು ಹಚ್ಚಿದ ಬಣ್ಣ ಅಲ್ಲ. ಆಮ್ಲದಾಗ ಮುಳುಗಿಸಿ ಕರೆಂಟ್ ಹಾಯಸ್ತಾರ. ಮೈಯಾಗಿಂದನ ಪದರ ಹುಟ್ಟತದ. ಬಣ್ಣ ಅದರೊಳಗ ಕುಂಡ್ರತದ" ಎಂದು ಮಹಾದೇವ ವಿವರಿಸಿದ. ನನಗೆ ಅರ್ಧ ಅರ್ಥವಾಯಿತು. ಅರ್ಧ ಅರ್ಥವಾದದ್ದನ್ನು ಪೂರ್ತಿ ಹೇಳುವುದು ನನ್ನ ಸ್ವಭಾವ.

ಕೇಳಲು ಸಿಕ್ಕವಳು ಗಂಗವ್ವತ್ತೆ, ನಮ್ಮಪ್ಪನ ತಂಗಿ, ನಮ್ಮ ಮನೆಯಲ್ಲೇ ಇರುವವಳು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮೊದಲು ಮನೆಯ ಹಂಡೆ, ಕೊಡ, ತಂಬಿಗೆಗಳೆಲ್ಲ ಅವಳ ಕೈಯಲ್ಲಿ ಹೊಳೆಯಲೇಬೇಕು. ಹಂಡೆ ಮುಗಿಸಿ ಕುರ್ಚಿಗಳತ್ತ ನೋಡಿದಳು.

"ಏನೋ ಇದು, ಈ ಪರಿ ಕರಿ ಹಿಡದಾವ?"

"ಕರಿ ಅಲ್ಲತ್ತಿ, ಮೈಬಣ್ಣ. ನೀ ಏಳು ಜನ್ಮ ತಿಕ್ಕಿದ್ರೂ ಹೋಗೂದಿಲ್ಲ."

"ಹೌದೇನ? ಯಾರ ಮುಂದ ಹೇಳಾಕತ್ತಿ ಲೇ?"

ಹುಣಸೆಹಣ್ಣು ಹಚ್ಚಿದಳು, ಹೋಗಲಿಲ್ಲ. ಬೂದಿ ಹಚ್ಚಿದಳು, ಹೋಗಲಿಲ್ಲ. ಅಲ್ಲಿಗೆ ನಾನು ಗೆದ್ದಿದ್ದೆ, ಸುಮ್ಮನಿರಬಹುದಿತ್ತು. "ಅರಬಿ ಸೋಡಾ ಇದ್ದಿದ್ರ ತೋರಸ್ತಿದ್ದೆ" ಎಂದು ಅವಳು ಗೊಣಗಿದಾಗ, ಒಗೆಯುವ ಕಲ್ಲಿನ ಹತ್ತಿರದಿಂದ ಆ ಬಟ್ಟೆಸೋಡಾದ ಡಬ್ಬಿ ತಂದವನು ನಾನು. ಬಿಸಿನೀರು ತಂದವನೂ ನಾನೇ ಇರಬೇಕು. ಅರ್ಧ ತಾಸಿನಲ್ಲಿ ಕಂಚಿನ ಕುರ್ಚಿ ಸಂತೆಯ ಚಹಾ ಕೆಟಲಿಯ ಬಣ್ಣಕ್ಕೆ ಬಂದಿತ್ತು.

"ಈಗ ಹೇಳು" ಎಂದಳು ಅತ್ತೆ.

ಹೇಳಲು ಹೊತ್ತಿರಲಿಲ್ಲ. ಸಾಹುಕಾರರು ಅಂದೇ ಬರುವವರಿದ್ದರು, ಬಂದರು. ಮಹಾದೇವ ಹೊಂಡದ ದಂಡೆಗೆ ಕರೆತಂದು ಒಳ್ಳೆಯ ಕುರ್ಚಿ ತೋರಿಸುವಷ್ಟರಲ್ಲಿ ಅವರು ಇನ್ನೊಂದರಲ್ಲಿ ಕುಳಿತೇಬಿಟ್ಟರು. ಎದ್ದಾಗ, ಪದರ ಕಳೆದುಕೊಂಡ ಅಲ್ಯೂಮಿನಿಯಂ ಬಿಟ್ಟ ಮಸಿಯಿಂದ ಬಿಳಿ ಪ್ಯಾಂಟಿನ ಹಿಂಬದಿ ಬೂದುಬಣ್ಣವಾಗಿತ್ತು, ಅಂಗೈಯೂ.

"ಇದಕ್ಕೇನಾತ್ರಿ?"

"ನಾ ತಿಕ್ಕಿನ್ರಿ" ಎಂದಳು ಅತ್ತೆ, ಮುಂದೆ ಬಂದು. "ಬರೇ ಅರಬಿ ಸೋಡಾರಿ."

ಸಾಹುಕಾರರು ನಕ್ಕರು. "ಚೊಲೊ ಆತು ಬಿಡವ್ವ. ಈಜುಕೊಳದ ನೀರಿಗೆ ಇದಕ್ಕಿಂತ ಖಾರದ ಔಷಧ ಹಾಕ್ತಾರ. ಮಹಾದೇವಪ್ಪ, ದಪ್ಪ ಪದರಿನವು ಇದ್ರ ತರ್ರಿ, ನೋಡೂಣು."

ಮಹಾದೇವ ದಪ್ಪ ಪದರಿನವನ್ನು ಹುಡುಕಿ ತರಿಸುವಷ್ಟರಲ್ಲಿ ಅವರು ಬೇರೆಲ್ಲೋ ಬೆತ್ತದ ಕುರ್ಚಿ ಕೊಂಡಿದ್ದರು.

ಆದರೆ ಅದು ಆಮೇಲೆ. ಅಂದು ಕಾರು ಹೋದ ಮೇಲೆ ಮಹಾದೇವ ಮೆಲ್ಲಗೆ ಕೇಳಿದ: "ಖರೇ ಹೇಳ್ರಿ ಅತ್ತಿ, ತಿಕ್ಕಂತ ಯಾರ ಹೇಳಿದ್ರು ನಿಮಗ?"

"ಯಾರ ಹೇಳಬೇಕೋ? ಯಾರೂ ಇರಲಿಲ್ಲ. ನಾನೊಬ್ಬಾಕಿನ ತಿಕ್ಕೀನಿ, ನಾನೊಬ್ಬಾಕಿನ ಬಣ್ಣ ತಗದೀನಿ."

ನಾನು ಆಗ ಬಹಳ ಆಸಕ್ತಿಯಿಂದ ಕಪ್ಪೆಗಳನ್ನು ನೋಡುತ್ತಿದ್ದೆ. ಮಹಾದೇವನಿಗೆ ಸೋಡಾದ ವಿಷಯ ಇವತ್ತಿಗೂ ಹೇಳಿಲ್ಲ. ಅತ್ತೆ ಹಾಗೆ ಹೇಳಿದ್ದು ನನ್ನನ್ನು ಉಳಿಸಲೆಂದೋ, ಅಥವಾ ಗೆದ್ದದ್ದರಲ್ಲಿ ನನಗೆ ಪಾಲು ಕೊಡಲು ಮನಸ್ಸಿಲ್ಲದೆಯೋ, ನನಗೆ ಗೊತ್ತಿಲ್ಲ.