ಅಜ್ಜಿ ಹಾಡಿದರೆ ಆರಿಹೋಗುವ ಕಂಪ್ಯೂಟರ್

ಹೆದರುವುದರಲ್ಲಿ ನಮ್ಮ ಚಿಕ್ಕಪ್ಪನನ್ನು ಮೀರಿಸುವವರು ಅರಸೀಕೆರೆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಮೂವತ್ತು ವರ್ಷ ರೈಲ್ವೆ ಕ್ಯಾಬಿನ್ನಿನಲ್ಲಿ ಕೂತು, ಎದುರುಬದುರು ಬರುವ ಗಾಡಿಗಳನ್ನು ಬೇರೆ ಬೇರೆ ಹಳಿಗೆ ತಿರುಗಿಸಿದ ಮನುಷ್ಯ, ಮನೆಗೆ ಬಂದರೆ ಕುಕ್ಕರ್ ಸೀಟಿಗೆ ಬೆಚ್ಚಿಬೀಳುತ್ತಿದ್ದರು!

ಅಂಥವರು ನಿವೃತ್ತರಾದ ಮೇಲೆ ಕಂಪ್ಯೂಟರ್ ತಂದರು. ಫ್ಲಾಪಿಗಳ ಕಾಲ. ಅದು ಮೊದಲ ಸಲ ಕೈಕೊಟ್ಟ ದಿನ ನಡುಮನೆಯಲ್ಲಿ ನಾವು ನಾಲ್ವರಿದ್ದೆವು. ಓಡಿಹೋಗಲು ಸಿದ್ಧರಾದವರಂತೆ ಕುರ್ಚಿಯ ತುದಿಯಲ್ಲಿ ಚಿಕ್ಕಪ್ಪ. ಪಕ್ಕದ ಮಣೆಯ ಮೇಲೆ ಅವರ ತಾಯಿ, ಅಂದರೆ ಹಾರನಹಳ್ಳಿಯ ನಮ್ಮ ಅಜ್ಜಿ. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಚಿಕ್ಕಮ್ಮ. ಮತ್ತು ಹಾಸನದಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತ ತಪ್ಪಿಗೆ ಮನೆತನಕ್ಕೆಲ್ಲ ತಜ್ಞೆಯಾಗಿದ್ದ ನಾನು.

ಅಜ್ಜಿ ದೊಡ್ಡ ಹಸೆ ಹಾಡು ಹೇಳುತ್ತಿದ್ದಳು. ಮದುವೆಯಲ್ಲಿ ಹುಡುಗಿಯನ್ನು ಹಸೆಯ ಮೇಲೆ ಕೂರಲು ಕರೆಯುವ ಹಾಡು. ಅಜ್ಜಿಯ ತಲೆಯೊಳಗೆ ಬಿಟ್ಟರೆ ಅದು ಬೇರೆಲ್ಲೂ ಇರಲಿಲ್ಲ. ಆ ತಲೆಯೋ, ಈಚೆಗೆ ಒಲೆಯ ಮೇಲಿಟ್ಟ ಹಾಲನ್ನೂ ಮರೆಯತೊಡಗಿತ್ತು. ಹಾಡು ಹೋಗಿಬಿಡುವ ಮುಂಚೆ ಹಿಡಿದಿಡಬೇಕೆಂದೇ ಚಿಕ್ಕಪ್ಪ ಕಂಪ್ಯೂಟರ್ ತಂದದ್ದು. ಒಂದೇ ಬೆರಳಲ್ಲಿ, ಮಾಲೇಕಲ್ಲು ವೆಂಕಟರಮಣನನ್ನು ಅಕ್ಷರಕ್ಕೊಂದು ಸಲ ನೆನೆಯುತ್ತ ಕುಟ್ಟುತ್ತಿದ್ದರು. ಇಪ್ಪತ್ತನೆಯ ಸಾಲು ಮುಗಿಯಿತು. ಟಪ್! ಪರದೆ ಕಪ್ಪಾಯಿತು.

"ಅಯ್ಯೋ, ಹೋಯ್ತು ಕಣೇ!" ಕೆಳಗೆ ಹಾವು ಹರಿದಂತೆ ಚಿಕ್ಕಪ್ಪ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡರು.

"ಸೇವ್ ಮಾಡಿದ್ರಾ ಚಿಕ್ಕಪ್ಪಾ?"

"ಹಾಡು ಮುಗೀದೆ ಹೆಂಗೆ ಮಾಡ್ಲಿ? ಕೊನೇ ಡಬ್ಬಿ ದಾಟಿದ್ದು ಕಣ್ಣಲ್ಲಿ ನೋಡ್ದೇನೇ ಗಾಡಿ ಬಂತು ಅಂತ ಯಾವತ್ತಾದ್ರೂ ಬರ್ದಿದ್ದೀನಾ ನಾನು?"

ಕ್ಯಾಬಿನ್ ಶಿಸ್ತು ನೋಡಿ! ಗಾಡಿ ಪೂರ್ತಿ ಬಾರದೆ ಹಿಂದಿನ ಗಾಡಿಗೆ ಲೈನ್ ಕ್ಲಿಯರ್ ಕೊಡಬಾರದು. ಹಾಡು ಪೂರ್ತಿ ಬಾರದೆ ಸೇವ್ ಮಾಡಬಾರದು. ಅರ್ಧ ಹಾಡನ್ನು ಒಳಗೆ ನಿಲ್ಲಿಸಿದರೆ ಹಿಂದಿನಿಂದ ಉಳಿದರ್ಧ ಬಂದು ಗುದ್ದುತ್ತದೆಂದು ಅವರಿಗೆ ನಿಜವಾಗಿಯೂ ಭಯ. ನಾನು ಕೈಮುಗಿದು ಬೇಡಿದರೂ ಕೇಳಲಿಲ್ಲ.

ಮಾರನೆಯ ದಿನ ಮೊದಲಿಂದ ಅದೇ ಹಾಡು. ಮತ್ತೆ ಟಪ್! ಅದರ ಮಾರನೆಯ ದಿನವೂ ಅಷ್ಟೇ. ಯಂತ್ರ ಆರುವುದಿರಲಿ, ಪ್ರತಿ ಸಲವೂ ಅಜ್ಜಿಯ ಹಾಡು ಒಂದಿಷ್ಟು ಸವೆದಿರುತ್ತಿತ್ತಲ್ಲ, ನಮ್ಮ ಚಿಂತೆ ಅದಾಗಿತ್ತು.

"ಅವ್ವಾ, ನೆನ್ನೆ ಇಲ್ಲಿ ಬಾಳೆಕಂಬ ನೆಟ್ಟಿದ್ರಲ್ಲ, ಆ ಸಾಲು?"

"ನೆಟ್ಟಿದ್ರಾ? ಇವತ್ತು ಇಲ್ಲ ಕಣ್ಲಾ. ದನ ತಿಂದಿರ್ಬೇಕು ಬುಡು."

ಚಿಕ್ಕಮ್ಮ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಆ ಸಾಲನ್ನು ತಾವೇ ನೆನಪು ಮಾಡಿಕೊಂಡು ಕುಟ್ಟಿದರು.

ಕಾರಣ ಹುಡುಕಲು ಒಂದು ರಿಜಿಸ್ಟರ್ ತೆರೆದರು. ಆರಿದ ಸಮಯ, ಆಗ ಸ್ಟೇಷನ್ನಿನಲ್ಲಿ ನಿಂತಿದ್ದ ಗಾಡಿ, ಬಲ್ಬಿನ ಬೆಳಕು ಕುಂದಿತ್ತೋ ಇಲ್ಲವೋ, ಯಾರು ಸೀನಿದರು, ಎಲ್ಲವೂ ಅದರಲ್ಲಿ! ಚಿಕ್ಕಮ್ಮನ ಹೆಸರಿನ ಮುಂದೆ 'ಒಗ್ಗರಣೆ' ಎಂದು ಮೂರು ಸಲ ಬರೆದಿತ್ತು.

"ನನ್ನ ಒಗ್ಗರಣೆಗೂ ಕಂಪ್ಯೂಟರ್‌ಗೂ ಏನ್ರೀ ಸಂಬಂಧ?"

"ತನಿಖೆ ನಡೀತಾ ಐತೆ. ಈಗ್ಲೇ ಏನೂ ಹೇಳಂಗಿಲ್ಲ."

ಸ್ಟೆಬಿಲೈಸರ್ ಬಂತು. ಪ್ಲಗ್ಗು ಬದಲಾಯಿತು. ನಾನು ಯಂತ್ರದೊಳಗಿನದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದೆ. ಅಷ್ಟು ಹೊತ್ತೂ ಚಿಕ್ಕಪ್ಪ ಹೆರಿಗೆ ಕೋಣೆಯ ಹೊರಗಿನ ಗಂಡಸಿನಂತೆ ಜಗಲಿಯಲ್ಲಿ ಶತಪಥ ಹಾಕಿದರು. ಆದರೂ ಟಪ್! ಕೊನೆಗೊಂದು ದಿನ ರಿಜಿಸ್ಟರ್ ಹಿಡಿದು ಬಂದರು.

"ನಾನೊಬ್ಬನೇ ಕೂತು ಅದ್ರಲ್ಲಿ ಎರಡು ಗಂಟೆ ಇಸ್ಪೀಟಾಟ ಆಡಿದ್ರೂ ಏನೂ ಆಗಲ್ಲ. ಅವ್ವ ಹಾಡಿದಾಗ್ಲೇ ಆಫ್ ಆಗೋದು ಕಣೇ. ಹನ್ನೊಂದಕ್ಕೆ ಹನ್ನೊಂದು ಸಲ!"

ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಕೇಳಿಸಿಕೊಂಡುಬಿಟ್ಟಳು.

"ಹಂಗಾದ್ರೆ ನನ್ ಬಾಯೇ ಸರಿಗಿಲ್ಲ ಬುಡ್ಲಾ. ಆಸೆಪಟ್ಟು ತಂದಿದ್ದೀಯ, ನನ್ನಿಂದ ಕೆಡೋದು ಬ್ಯಾಡ."

ಅವತ್ತಿಗೆ ಹಾಡು ನಿಂತಿತು. ಒಂದು ವಾರ, ಎರಡು ವಾರ. ಬತ್ತಿ ಹೊಸೆಯುವಾಗ ಗುನುಗುತ್ತಿದ್ದುದೂ ನಿಂತಿತು. ಆಗ ನೋಡಬೇಕಿತ್ತು ನೀವು ಚಿಕ್ಕಪ್ಪನನ್ನು! ಕುಕ್ಕರ್ ಕೂಗಿದರೂ ಬೆಚ್ಚುತ್ತಿರಲಿಲ್ಲ. ಅವರ ಅಷ್ಟೂ ಹೆದರಿಕೆ ಒಂದೇ ಕಡೆಗೆ ಹೋಗಿ ಕೂತಿತ್ತು.

"ಯಂತ್ರ ಹಾಳಾಗೋಗ್ಲಿ, ನನ್ ಮುಂದೆ ಹೇಳವ್ವಾ."

"ನೀನೂ ಆಫ್ ಆಗ್ಬುಟ್ರೆ?" ಅಜ್ಜಿ ಮುಖ ತಿರುಗಿಸುತ್ತಿದ್ದಳು. ತಮಾಷೆಗೆ ಅಂದದ್ದಲ್ಲ.

ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಕಂಪ್ಯೂಟರ್ ಆನ್ ಮಾಡಿಟ್ಟು, "ಹಾಡಬೇಡ ಅಜ್ಜಿ, ಸುಮ್ಮನೆ ಕೂತಿರು ಬಾ" ಎಂದು ಕೈಹಿಡಿದು ಕರೆತಂದೆ. ಬಂದವಳೇ, ಹಳೇ ಸೀರೆಗಳನ್ನು ನಾಲ್ಕು ಪದರ ಮಾಡಿ ತಾನೇ ಹೊಲಿದಿದ್ದ ಮುಸುಕನ್ನು ಮೂಲೆಯಿಂದೆತ್ತಿ, ಕಂಪ್ಯೂಟರಿನ ಡಬ್ಬಕ್ಕೆ ಸುತ್ತಲೂ ಬಿಗಿಯಾಗಿ ಹೊದಿಸಿ, "ಧೂಳು ಕಣ್ ಮಗ" ಎಂದು ಮಣೆಯ ಮೇಲೆ ಕೂತಳು. ಹಾಡಲು ಬಂದಾಗಲೆಲ್ಲ ಹೀಗೇ ಹೊದಿಸುತ್ತಿದ್ದಳು, ಏಳುವಾಗ ತೆಗೆದು ಮಡಿಸಿಡುತ್ತಿದ್ದಳು. ಟಿವಿಗೂ ಮಿಕ್ಸಿಗೂ ಹೊಲಿಗೆ ಯಂತ್ರಕ್ಕೂ ಮುಸುಕಿದ್ದ ಮನೆಯಲ್ಲಿ ಅದನ್ನು ಯಾರು ರಿಜಿಸ್ಟರಿನಲ್ಲಿ ಬರೆಯುತ್ತಾರೆ, ಹೇಳಿ?

ಹಾಡಿಲ್ಲ, ಒಗ್ಗರಣೆಯಿಲ್ಲ, ಸೀನಿಲ್ಲ. ಅರ್ಧ ಗಂಟೆಗೆ ಟಪ್! ಮುಸುಕಿನೊಳಗೆ ಕೈಹಾಕಿದೆ. ಬೋಂಡ ಕರಿಯುವ ಬಾಣಲೆ! ಒಳಗಿನ ಫ್ಯಾನಿಗೆ ಉಸಿರಾಡಲು ಜಾಗವೇ ಇರಲಿಲ್ಲ.

ಕಾರಣವೇನೋ ಸಿಕ್ಕಿತು. ಆದರೆ ಅಜ್ಜಿಗೆ ಹೇಳುವವರು ಯಾರು? ಚಿಕ್ಕಮ್ಮ ನನ್ನನ್ನು ನೋಡಿದರು, ನಾನು ಚಿಕ್ಕಪ್ಪನನ್ನು ನೋಡಿದೆ. ಅವರು ಮೂರು ಸಲ ಕೆಮ್ಮಿ, "ಅವ್ವಾ, ಅದಕ್ಕೆ... ಸೆಕೆಯಂತೆ" ಎಂದರು.

ಅಜ್ಜಿ ಮುಸುಕಿಗೆ ಕೈಹಾಕಿದಳು. "ಮದ್ಲೇ ಹೇಳೋಕೇನ್ಲಾ ದಾಡಿ ನಿಂಗೆ? ಇನ್ನೊಂದು ಪದರ ಹೊಲೀಬೇಕು ಅಂತಿದ್ನಲ್ಲೋ!" ಎನ್ನುತ್ತ ಅದನ್ನು ಸರಕ್ಕನೆ ಎಳೆದು ಮಡಿಸಿದಳು. ಮಡಿಸುತ್ತ ಮಡಿಸುತ್ತ ಗುನುಗತೊಡಗಿದಳು. ಚಿಕ್ಕಪ್ಪ ತಡಬಡಾಯಿಸಿ ಕುರ್ಚಿ ಎಳೆದುಕೊಂಡರು. ಆ ಸಂಜೆ ಕೊನೆಯ ಸಾಲೂ ಬಂತು, ಹಾಡು ಸೇವ್ ಆಯಿತು.

ಮುಂದಿನ ವರ್ಷ ಬೇಲೂರಿನಲ್ಲಿ ನಮ್ಮ ಅತ್ತೆಯ ಮಗಳ ಮದುವೆ. ಹೆಂಗಸರ ನಡುವೆ ಕೂತು ಅಜ್ಜಿ ದೊಡ್ಡ ಹಸೆ ಹಾಡು ಎತ್ತಿಕೊಂಡಳು. ಒಂಬತ್ತನೆಯ ಸಾಲಿಗೆ ನಿಂತುಬಿಟ್ಟಳು. ಬಾಯಿ ತೆರೆದಿತ್ತು, ಹಾಡು ಬರಲಿಲ್ಲ. ನನ್ನ ಮುಖ ನೋಡಿದಳು. ನನಗೆ ಬಾರದು, ಅಲ್ಲಿದ್ದ ಯಾರಿಗೂ ಬಾರದು.

ಊಟದ ಮನೆಯ ಬಾಗಿಲಿನಿಂದ ಒಂದು ಗಂಡು ದನಿ ಮುಂದಿನ ಸಾಲನ್ನು ಹಾಡಿತು. ಹಸೆ ಹಾಡು ಹೇಳುವ ಗಂಡಸನ್ನು ನಮ್ಮ ಕಡೆ ಯಾರು ಕಂಡಿದ್ದಾರೆ? ಹೆಂಗಸರೆಲ್ಲ ತಿರುಗಿದರು. ಮಜ್ಜಿಗೆ ಬಕೆಟ್ ಹಿಡಿದು ಚಿಕ್ಕಪ್ಪ ನಿಂತಿದ್ದರು. ಹನ್ನೊಂದು ಸಲ ಆರಿಹೋಗಿ ಹನ್ನೆರಡು ಸಲ ಕುಟ್ಟಿದ ಹಾಡು. ದನಿ ನಡುಗುತ್ತಿತ್ತು, ಸಾಲು ತಪ್ಪಲಿಲ್ಲ.

ಅಜ್ಜಿ ತಿರುಗಿ ನೋಡಲಿಲ್ಲ. ಅದರ ಮುಂದಿನ ಸಾಲನ್ನು ಹಿಡಿದುಕೊಂಡು ಹೊರಟಳು. ಇನ್ನೆರಡು ಸಲ ನಿಂತಳು. ಎರಡು ಸಲವೂ ಅವರು ಬಾಗಿಲಿನಿಂದಲೇ ಎತ್ತಿಕೊಟ್ಟರು. ಹಾಡು ಮುಗಿಯಿತು. ಹುಡುಗಿ ಬಂದು ಹಸೆಯ ಮೇಲೆ ಕೂತಳು.