ಎಡಕ್ಕೆ ಉಬ್ಬಿದ ಮಡಕೆ

ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರಾಗಬೇಕಾದವರು ಮೊದಲು ನಾಲ್ಕು ವರ್ಷ ಲಲಿತಕಲೆ ಓದಿ ನೋಡುವುದನ್ನು ಕಲಿಯತಕ್ಕದ್ದು; ಅನಂತರ ಎರಡು ವರ್ಷ ಶಿಕ್ಷಣಶಾಸ್ತ್ರ ಓದಿ ನೋಡದೆ ಇರುವುದನ್ನು ಕಲಿಯತಕ್ಕದ್ದು. ಈ ವಾಕ್ಯದ ಮೊದಲರ್ಧ ನಿಯಮಾವಳಿಯಲ್ಲಿದೆ. ಉಳಿದರ್ಧ ನಿಯಮಾವಳಿಯಲ್ಲಿಲ್ಲ, ಪರೀಕ್ಷೆಯಲ್ಲಿದೆ.

ಇದು ಅರ್ಥವಾಗಬೇಕಾದರೆ ಮೊದಲು ಮಡಕೆಯ ವಿಷಯ ಹೇಳಬೇಕು. ಮಡಕೆ ಎಂದರೆ ನೀರು ತುಂಬಿಡುವ ಮಣ್ಣಿನ ಮಡಕೆಯೇ. ಬದುಕು, ದೇಹ ಮುಂತಾದ ಬೇರೆ ಅರ್ಥಗಳನ್ನು ಇಲ್ಲಿ ಹುಡುಕಬೇಕಾಗಿಲ್ಲ.

ಶಿಕ್ಷಕರ ತರಬೇತಿ ಕಾಲೇಜಿನ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಒಂದು ರಟ್ಟಿನ ಪಟವಿದೆ. ಅದರಲ್ಲಿ ಒಂದು ಮಡಕೆಯ ಚಿತ್ರ. ಇದಕ್ಕೆ 'ಮಾದರಿ ಚಿತ್ರಪಟ' ಎಂದು ಹೆಸರು. ಪ್ರತಿ ವರ್ಷ ಇದರ ಫೋಟೋ ತೆಗೆದು ಎಲ್ಲ ಶಾಲೆಗಳಿಗೂ ಕಳಿಸುತ್ತಾರೆ. ಮಕ್ಕಳು ಮಡಕೆ ಬರೆದರೆ ಈ ಮಡಕೆಯ ಹಾಗೆಯೇ ಬರೆಯಬೇಕು, ಶಿಕ್ಷಕರು ಕಲಿಸಿದರೂ ಹಾಗೆಯೇ ಕಲಿಸಬೇಕು.

ಆ ಗೋಡೆಯ ಮೇಲ್ಗಡೆ, ಅಂದರೆ ಮೇಲಿನ ಮಹಡಿಯಲ್ಲಿ, ಅಧ್ಯಾಪಕರು ಕೈತೊಳೆಯುವ ಜಾಗವಿದೆ. ಅಲ್ಲಿನ ನಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ನೀರು ನೆಲಕ್ಕೆ ಇಳಿದು, ನೆಲದಿಂದ ಗೋಡೆಗೆ ಇಳಿದು, ಗೋಡೆಯಿಂದ ರಟ್ಟಿಗೆ ಬಂತು. ರಟ್ಟು ತೇವ ಕುಡಿದರೆ ಉಬ್ಬುತ್ತದೆ; ಇದರಲ್ಲಿ ರಟ್ಟಿನ ತಪ್ಪೇನೂ ಇಲ್ಲ. ಹೀಗಾಗಿ ಚಿತ್ರದ ಮಡಕೆಗೆ ಎಡಗಡೆ ಹೊಟ್ಟೆ ಬಂತು. ಆ ವರ್ಷದ ಫೋಟೋದಲ್ಲಿ ಹೊಟ್ಟೆಯೂ ಬಂತು. ಕೂಡಲೇ ಸುತ್ತೋಲೆ ಹೊರಟಿತು:

"ಪರಿಷ್ಕೃತ ಪಠ್ಯಕ್ರಮದಂತೆ ಮಡಕೆಯ ಎಡಭಾಗ ಉಬ್ಬಿರತಕ್ಕದ್ದು. ಉಬ್ಬದ ಮಡಕೆಗಳು ಕಂಡುಬಂದಲ್ಲಿ ಮೇಲಧಿಕಾರಿಗಳ ಗಮನಕ್ಕೆ ತರತಕ್ಕದ್ದು. ಎಡ ಎಂದರೆ ನೋಡುವವರ ಎಡ. ಮಡಕೆಗೆ ಸ್ವಂತ ಎಡ ಇರುವುದಿಲ್ಲ."

ಅಂಗಡಿಯ ಮಡಕೆಗಳು ಎಲ್ಲ ಕಡೆಯಿಂದಲೂ ದುಂಡಗೇ ಇದ್ದವು. ಹಾಗಾಗಿ ಶಾಲೆಗಳಿಗೆ 'ಪಠ್ಯಕ್ರಮಾನುಸಾರ ಮಡಕೆ' ಒದಗಿಸುವ ಹೊಣೆಯನ್ನು ಪ್ರಾಂಶುಪಾಲರ ಬಾಮೈದ ಹೊತ್ತರು. ಬೇರೆ ಯಾರೂ ಮುಂದೆ ಬರಲಿಲ್ಲ. ಯಾಕೆಂದರೆ ಬೇರೆ ಯಾರಿಗೂ ಹೇಳಿರಲಿಲ್ಲ. ಕುಂಬಾರ ಮಾಡಿಟ್ಟ ಹಸಿ ಮಡಕೆಗೆ ಒಳಗಿನಿಂದ ಒಂದು ಗುದ್ದು ಕೊಟ್ಟರೆ ಪಠ್ಯಕ್ರಮ ಮುಗಿಯಿತು. ನಲ್ಲಿ ಸೋರುತ್ತಲೇ ಇದ್ದುದರಿಂದ ಹೊಟ್ಟೆ ವರ್ಷವರ್ಷ ಬೆಳೆಯುತ್ತಿತ್ತು. ಹೊಟ್ಟೆ ಬೆಳೆದಂತೆ ಹಳೆಯ ಮಡಕೆಗಳು ತಪ್ಪಾಗುತ್ತಿದ್ದವು, ಶಾಲೆಗಳು ಹೊಸದು ಕೊಳ್ಳುತ್ತಿದ್ದವು. ಒಮ್ಮೆ ಒಬ್ಬ ಪ್ಲಂಬರ್ ತಾನಾಗಿಯೇ ನಲ್ಲಿ ನೋಡಲು ಬಂದಾಗ ಪ್ರಾಂಶುಪಾಲರು ಅವನನ್ನು ಬಾಗಿಲಲ್ಲೇ ತಡೆದರು.

"ಮುಟ್ಟಬೇಡಪ್ಪ. ಅದು ಪಠ್ಯಕ್ರಮಕ್ಕೆ ಸಂಬಂಧಪಟ್ಟಿದ್ದು."

ಈ ಕಾಲೇಜಿಗೆ ಚುಕ್ಕಿ ಬಂದು ಸೇರಿದಳು. ಚಿಕ್ಕವಳಿದ್ದಾಗ ಮನೆಯ ಗೋಡೆ ತುಂಬ ಚುಕ್ಕಿ ಇಡುತ್ತಿದ್ದುದರಿಂದ ಮನೆಯಲ್ಲಿ ಹಾಗೆ ಕರೆಯುತ್ತಿದ್ದರು. ಲಲಿತಕಲೆಯ ನಾಲ್ಕು ವರ್ಷಗಳಲ್ಲಿ ಅವಳು ಸ್ಟೂಲಿನ ಮೇಲಿಟ್ಟ ವಸ್ತುಗಳನ್ನು ಎಷ್ಟು ನೋಡಿದ್ದಳೆಂದರೆ, ಬಸ್ಸಿನಲ್ಲಿ ಎದುರು ಕೂತವರು ಮುಖ ತಿರುಗಿಸಿಕೊಳ್ಳುತ್ತಿದ್ದರು. ಅವಳ ಬೀದಿಯ ಕೊನೆಯಲ್ಲೇ ಒಂದು ಪ್ರೌಢಶಾಲೆ. ಅವಳಿಗೆ ಪೆನ್ಸಿಲ್ ಹಿಡಿಯಲು ಕಲಿಸಿದ ಡ್ರಾಯಿಂಗ್ ಮೇಷ್ಟ್ರು ಅಲ್ಲಿ ನಿವೃತ್ತರಾಗುವವರಿದ್ದರು. ಈ ವರ್ಷ ಪಾಸಾದರೆ ಆ ಜಾಗ ಅವಳಿಗೆ. ಆಗದಿದ್ದರೆ ಡ್ರಾಯಿಂಗ್ ಪೀರಿಯಡ್ಡನ್ನು ಡ್ರಿಲ್ ಮೇಷ್ಟ್ರಿಗೆ ಶಾಶ್ವತವಾಗಿ ವಹಿಸುವುದೆಂದು ಶಾಲೆ ತೀರ್ಮಾನಿಸಿತ್ತು.

ಡ್ರಿಲ್ ಮೇಷ್ಟ್ರು ಬೀದಿಯಲ್ಲಿ ಸಿಕ್ಕಾಗ ಅವಳಿಗೇ ಹೇಳಿದ್ದರು: "ಗೆರೆ ಎಳೆಯೋದು ತಾನೇನಮ್ಮಾ? ಮೈದಾನಕ್ಕೆ ಸುಣ್ಣದಲ್ಲಿ ದಿನಾ ಎಳೀತೀನಿ. ನಿನ್ನದು ಪೆನ್ಸಿಲ್, ನನ್ನದು ಬಕೆಟ್ಟು. ಅಷ್ಟೇ ವ್ಯತ್ಯಾಸ." ಡ್ರಾಯಿಂಗ್ ಕೋಣೆಯಲ್ಲಿ ಚೆಂಡುಗಳನ್ನು ಎಲ್ಲಿ ಇಡಬಹುದೆಂದು ಅವರು ಆಗಲೇ ಅಳತೆ ತೆಗೆದುಕೊಂಡಿದ್ದರು.

ಪರೀಕ್ಷೆ ಎಂದರೆ ಪರೀಕ್ಷಕರ ಎದುರು ಮಕ್ಕಳಿಗೆ ಒಂದು ಪಾಠ ಮಾಡುವುದು. ಚುಕ್ಕಿ ಮನೆಯ ಅಡುಗೆಮನೆಯಿಂದ ಮಡಕೆ ತಂದು ಸ್ಟೂಲಿನ ಮೇಲಿಟ್ಟು, ಸುತ್ತ ಮಕ್ಕಳನ್ನು ಕೂರಿಸಿ, "ಹೇಗೆ ಕಾಣುತ್ತೋ ಹಾಗೆ ಬರೀರಿ" ಎಂದಳು. ಮಕ್ಕಳು ಬರೆದರು. ಕಿಟಕಿಯ ಬಳಿ ಕೂತವರಿಗೆ ಬೆಳಕು ಕಂಡಿತು, ಬಾಗಿಲ ಬಳಿ ಕೂತವರಿಗೆ ನೆರಳು ಕಂಡಿತು, ಎತ್ತರದ ಬೆಂಚಿನವರಿಗೆ ಮಡಕೆಯ ಬಾಯಿ ಕಂಡಿತು.

ಪರೀಕ್ಷಕಿ ಮೇಡಂ ಹಾಳೆಗಳನ್ನು ಒಟ್ಟುಮಾಡಿ ನೋಡಿ ಕನ್ನಡಕ ತೆಗೆದರು.

"ಎಷ್ಟು ಮಡಕೆ ಇಟ್ಟಿದ್ದೆ?"

"ಒಂದು, ಮೇಡಂ."

"ಒಂದು ಮಡಕೆ ಇಟ್ಟರೆ ಇಷ್ಟೊಂದು ಥರದ ಮಡಕೆ ಎಲ್ಲಿಂದ ಬಂತಮ್ಮ? ನಾಳೆ ಆಡಿಟ್‌ನವರು ಕೇಳಿದ್ರೆ ಏನು ಹೇಳ್ಲಿ?"

"ಕೂತ ಜಾಗ ಬೇರೆಬೇರೆ ಅಲ್ವಾ ಮೇಡಂ, ಅವರವರಿಗೆ ಕಂಡ ಹಾಗೆ..."

"ಒಂದಕ್ಕಾದ್ರೂ ಎಡಗಡೆ ಹೊಟ್ಟೆ ಇಲ್ಲವಲ್ಲ?"

"ಮಡಕೆಗೇ ಇಲ್ಲ ಮೇಡಂ. ನೀವೇ ನೋಡಿ."

ಮೇಡಂಗೆ ನಿಜವಾಗಿಯೂ ಬೇಸರವಾಯಿತು. ಅವರು ಕೆಟ್ಟವರಲ್ಲ. "ನನ್ನನ್ನ ಯಾಕಮ್ಮ ನೋಡು ಅಂತೀಯ? ನನ್ನ ಸರ್ವೀಸ್ ಇನ್ನೂ ಎರಡು ವರ್ಷ ಇದೆ" ಎಂದು ಹೇಳಿ, ಕೆಂಪು ಪೆನ್ಸಿಲಿನಿಂದ ಪ್ರತಿ ಮಡಕೆಗೂ ಎಡಗಡೆ ಹೊಟ್ಟೆ ಹಚ್ಚಿ, ಫೇಲು ಮಾಡಿದರು. ಮುಂದಿನ ತಿಂಗಳು ಇನ್ನೊಂದು ಅವಕಾಶ, ಅದೇ ಕೊನೆಯದು ಎಂದೂ ತಿಳಿಸಿದರು. ಅಂದಿನಿಂದ ಹೊಸ ನಿಯಮವೂ ಬಂತು: ಚಿತ್ರಕಲೆಯ ತರಗತಿಯಲ್ಲಿ ಬೆಂಚುಗಳನ್ನು ಮಡಕೆಯ ಒಂದೇ ಕಡೆ ಹಾಕತಕ್ಕದ್ದು.

ಮನೆಯಲ್ಲಿ ತಾಯಿ ಮಡಕೆಯನ್ನು ವಾಪಸು ಒಲೆಯ ಪಕ್ಕ ಇಡುತ್ತಾ ಕೇಳಿದರು. "ಆರು ವರ್ಷ ಓದಿ ಮಡಕೆ ಬರೆಯೋಕೆ ಬರಲಿಲ್ವೇನೇ?"

"ಬಂತಮ್ಮಾ. ಅದೇ ತಪ್ಪಾಯ್ತು."

ಚುಕ್ಕಿ ಸೋರುವ ನಲ್ಲಿಯಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದಳು. ತಾಯಿ ಪೂರ್ತಿ ಕೇಳಿ, "ಆ ನಲ್ಲಿಗೆ ವಾಷರ್ ಹೋಗಿರಬೇಕು ಕಣೇ. ಐದು ನಿಮಿಷದ ಕೆಲಸ. ಇಷ್ಟಕ್ಕೆ ಪಠ್ಯಕ್ರಮ ಯಾಕೆ ಬದಲಾಯಿಸ್ತಾರೆ?" ಎಂದು ಡಬ್ಬಿಯಿಂದ ಒಂದು ವಾಷರ್ ತೆಗೆದುಕೊಟ್ಟರು.

ಚುಕ್ಕಿಯ ಯೋಚನೆ ಸರಳವಾಗಿತ್ತು. ನಲ್ಲಿ ನಿಂತರೆ ಗೋಡೆ ಒಣಗುತ್ತದೆ, ಗೋಡೆ ಒಣಗಿದರೆ ರಟ್ಟು ಒಣಗುತ್ತದೆ, ರಟ್ಟು ಒಣಗಿದರೆ ಹೊಟ್ಟೆ ಇಳಿಯುತ್ತದೆ, ಹೊಟ್ಟೆ ಇಳಿದರೆ ಅವಳು ಪಾಸು. ಪರೀಕ್ಷೆಯ ಮುಂಚಿನ ಓದುವ ರಜೆಯಲ್ಲಿ, ಎಲ್ಲರೂ ಊಟಕ್ಕೆ ಹೋದಾಗ, ಅವಳು ಮೇಲೆ ಹೋಗಿ ವಾಷರ್ ಹಾಕಿ ಬಂದಳು. ಬಿಸಿಲು ಚೆನ್ನಾಗಿತ್ತು.

ಎರಡನೆಯ ಪರೀಕ್ಷೆಯ ದಿನ ಮಾದರಿ ಚಿತ್ರಪಟದ ಮಡಕೆ ಹುಟ್ಟಿದಾಗ ಹೇಗಿತ್ತೋ ಹಾಗಿತ್ತು. ಚುಕ್ಕಿ ಮನೆಯ ಮಡಕೆಯನ್ನೇ ಮತ್ತೆ ತಂದಿಟ್ಟು, ಹೊಸ ನಿಯಮದಂತೆ ಒಂದೇ ಕಡೆ ಕೂರಿಸಿದ ಮಕ್ಕಳಿಂದ ಬರೆಸಿದಳು. ಪರೀಕ್ಷಕಿ ಮೇಡಂ ಮಕ್ಕಳ ಹಾಳೆಗಳನ್ನು ಒಂದೊಂದಾಗಿ ಪಟದ ಪಕ್ಕ ಹಿಡಿದು ನೋಡಿದರು. ಎಲ್ಲವೂ ಸರಿಹೊಂದಿದವು. "ನೋಡಿದ್ಯಾ, ಮನಸ್ಸಿಟ್ಟರೆ ಆಗುತ್ತೆ" ಎಂದು ಅವರು ಪಾಸು ಬರೆಯಲು ಪೆನ್ನಿನ ಕ್ಯಾಪ್ ತೆಗೆದರು.

ಅದೇ ಹೊತ್ತಿಗೆ ಪ್ರಾಂಶುಪಾಲರ ಬಾಮೈದ ಲಾರಿಯಲ್ಲಿ ಹೊಸ ವರ್ಷದ ಮಡಕೆಗಳನ್ನು ತಂದರು. ಎಲ್ಲಕ್ಕೂ ಎಡಗಡೆ ತುಂಬು ಹೊಟ್ಟೆ. ಒಂದನ್ನು ತಂದು ಪಟದ ಮುಂದೆ ಹಿಡಿದವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಭಾವಾ... ಪಠ್ಯಕ್ರಮ ಇಳಿದುಹೋಗಿದೆ."

ಪ್ರಾಂಶುಪಾಲರು ಓಡಿಬಂದು ಪಟ ಮುಟ್ಟಿ ನೋಡಿದರು, ಗೋಡೆ ಮುಟ್ಟಿ ನೋಡಿದರು, ಮೇಲೆ ಹೋಗಿ ನಲ್ಲಿ ತಿರುಗಿಸಿ ನೋಡಿದರು. ನಲ್ಲಿ ತಿರುಗಿಸಿದಾಗ ಬಂತು, ನಿಲ್ಲಿಸಿದಾಗ ನಿಂತಿತು. ಕೆಳಗಿಳಿದು ಬಂದಾಗ ಅವರ ಮುಖ ಸಪ್ಪಗಾಗಿತ್ತು.

"ಯಾರು ರಿಪೇರಿ ಮಾಡಿದ್ದು?"

"ನಾನೇ ಸರ್" ಎಂದಳು ಚುಕ್ಕಿ. ಸುಳ್ಳು ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ, ಯಾಕೆಂದರೆ ರಿಪೇರಿ ಮಾಡುವುದು ಅಪರಾಧವೆಂದು ಅವಳಿಗೆ ಗೊತ್ತಿರಲಿಲ್ಲ.

ಅಲ್ಲೇ ನಿಂತುಕೊಂಡೇ ಸಭೆ ನಡೆಯಿತು. ಪ್ರಾಂಶುಪಾಲರು ಅಧ್ಯಕ್ಷರು, ಮೇಡಂ ಸದಸ್ಯರು, ಬಾಮೈದ ವಿಷಯತಜ್ಞರು. ಅನುಮತಿಯಿಲ್ಲದೆ ಪಠ್ಯಕ್ರಮವನ್ನು ಒಣಗಿಸಿದ್ದು ಗಂಭೀರ ವಿಚಾರವೆಂದು ದಾಖಲಾಯಿತು. ಪಟವನ್ನು ಮತ್ತೆ ನೆನೆಸುವುದೆಂದೂ ತೀರ್ಮಾನವಾಯಿತು. ಬಾಮೈದ ಒಂದು ತಂಬಿಗೆ ನೀರು ಎರಚಿದರು. ಹೊಟ್ಟೆ ಬಲಗಡೆ ಬಂತು. ಪ್ರಾಂಶುಪಾಲರು ಒದ್ದೆ ಟವಲ್ ಒತ್ತಿದರು. ಮಡಕೆಗೆ ಗೂನು ಬಂತು.

"ಅಯ್ಯೋ ಬಿಡಿ ಸರ್, ಪಟ ಹರಿಯುತ್ತೆ!" ಎಂದಳು ಚುಕ್ಕಿ, ತಡೆಯಲಾರದೆ.

ಎಲ್ಲರೂ ಅವಳ ಕಡೆ ತಿರುಗಿದರು.

"ನಿನಗೆ ಬರುತ್ತೇನಮ್ಮ?" ಪ್ರಾಂಶುಪಾಲರ ದನಿ ಮೆತ್ತಗಾಗಿತ್ತು. "ಹಿಂದೆ ಹೇಗಿತ್ತು ಅಂತ ಜ್ಞಾಪಕ ಇದೆಯಾ? ನಾವೆಲ್ಲ ದಿನಾ ಇದರ ಮುಂದೇನೇ ಓಡಾಡಿದ್ದೀವಿ, ಆದ್ರೆ ನೋಡಿದ್ದು ನೀನೊಬ್ಬಳೇ."

ಮೇಡಂ ಪೆನ್ನಿನ ಕ್ಯಾಪ್ ಇನ್ನೂ ಹಾಕಿರಲಿಲ್ಲ. ಮೆಟ್ಟಿಲ ಪಕ್ಕದ ಕಿಟಕಿಯಿಂದ ಕಾಲೇಜಿನ ಮುಂದಿನ ರಸ್ತೆ ಕಾಣುತ್ತಿತ್ತು. ಡ್ರಿಲ್ ಮೇಷ್ಟ್ರು ಒಂದು ಬಲೆಚೀಲದ ತುಂಬ ಚೆಂಡು ಹೊತ್ತುಕೊಂಡು ಶಾಲೆಯ ಕಡೆ ಹೋಗುತ್ತಿದ್ದರು. ಚುಕ್ಕಿ ಅವರನ್ನು ನೋಡಿದಳು. ಆಮೇಲೆ ಪೆನ್ನನ್ನು ನೋಡಿದಳು. ಆಮೇಲೆ ಪಟವನ್ನು ನೋಡಿದಳು. ನೋಡುವುದರಲ್ಲಿ ಅವಳಿಗೆ ನಾಲ್ಕು ವರ್ಷದ ತರಬೇತಿಯಿತ್ತು.

"ಒಂದು ದಪ್ಪ ಬ್ರಶ್ ಕೊಡಿ ಸರ್" ಎಂದಳು.

ನೆರಳು ಎಲ್ಲಿ ಬೀಳುತ್ತಿತ್ತು, ಅಂಚು ಎಲ್ಲಿ ತಿರುಗುತ್ತಿತ್ತು, ಹೊಟ್ಟೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತಿತ್ತು ಎಂಬುದೆಲ್ಲ ಅವಳಿಗೆ ನೆನಪಿತ್ತು. ರಟ್ಟಿನ ಹಿಂದಿನಿಂದ ನೀರು ಹಚ್ಚುತ್ತಾ, ಮುಂದೆ ಬಂದು ಒಂದು ಕಣ್ಣು ಮುಚ್ಚಿ ನೋಡುತ್ತಾ, ಮತ್ತೆ ಹಿಂದೆ ಹೋಗಿ ಹಚ್ಚುತ್ತಾ, ಊಟದ ಗಂಟೆ ಹೊಡೆಯುವಷ್ಟರಲ್ಲಿ ಹೊಟ್ಟೆಯನ್ನು ಇದ್ದಲ್ಲಿಗೆ ತಂದಳು. ಬಾಮೈದ ಮಡಕೆಯನ್ನು ಪಕ್ಕ ಹಿಡಿದರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಅವರು ಕಣ್ಣೊರೆಸಿಕೊಂಡರು.

"ಕಲೆ ಅಂದ್ರೆ ಇದು ಭಾವಾ."

ಚುಕ್ಕಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಮಕ್ಕಳ ಹಾಳೆಗಳಿಗೆ ಮೇಡಂ ಮತ್ತೆ ಕೆಂಪು ಹೊಟ್ಟೆ ಹಚ್ಚಿದರು; ಹೊಸ ವಾಷರನ್ನು ಪ್ರಾಂಶುಪಾಲರು ಸ್ವಹಸ್ತದಿಂದ ಬಿಚ್ಚಿ ಅವಳಿಗೇ ಹಿಂದಿರುಗಿಸಿದರು. ಸಂಸ್ಥೆಯ ಆಸ್ತಿ ಅಲ್ಲದ್ದನ್ನು ಇಟ್ಟುಕೊಳ್ಳಲು ಬರುವುದಿಲ್ಲ.

ಈಗ ಚುಕ್ಕಿ ಬೀದಿಯ ಕೊನೆಯ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಡ್ರಿಲ್ ಮೇಷ್ಟ್ರು ಚೆಂಡುಗಳನ್ನು ವಾಪಸು ತೆಗೆದುಕೊಂಡು ಹೋದರು, ಬೇಸರ ಮಾಡಿಕೊಳ್ಳಲಿಲ್ಲ. ಮೈದಾನದ ಓಟದ ಗೆರೆಯನ್ನೂ ಅವರು ಈಚೆಗೆ ಎಡಗಡೆ ಉಬ್ಬಿಸಿ ಎಳೆಯುತ್ತಾರೆ. ಇಲಾಖೆಯ ಧೋರಣೆ ಹಾಗಿರುವಾಗ ತಾವೊಬ್ಬರು ಯಾಕೆ ಬೇರೆ ಎಂಬುದು ಅವರ ವಾದ.

ಮೊದಲ ದಿನ ಚುಕ್ಕಿ ಪಠ್ಯಕ್ರಮಾನುಸಾರ ಮಡಕೆಯನ್ನು ಸ್ಟೂಲಿನ ಮೇಲಿಟ್ಟು, ಹೊಟ್ಟೆ ಎಡಕ್ಕೇ ಬರುವಂತೆ ತಿರುಗಿಸಿ, ಮಕ್ಕಳಿಗೆ ಹೇಳಿದಳು: "ಹೇಗೆ ಕಾಣುತ್ತೋ ಹಾಗೆ ಬರೀರಿ." ಈ ಮಾತನ್ನು ಬದಲಾಯಿಸಬೇಕಾದ ಅಗತ್ಯ ಬೀಳಲಿಲ್ಲ ಎಂಬುದು ಅವಳಿಗೆ ಸಮಾಧಾನ ತಂದಿತು. ಮಕ್ಕಳು ಕಂಡದ್ದನ್ನೇ ಬರೆದರು, ಬರೆದದ್ದು ಪಟಕ್ಕೆ ಸರಿಹೊಂದಿತು.

ಒಬ್ಬಳು ಹುಡುಗಿ ಮಾತ್ರ ಪೆನ್ಸಿಲ್ ಕಚ್ಚುತ್ತಾ ಎದ್ದು, ಸ್ಟೂಲಿನ ಆಚೆ ಬದಿಗೆ ಹೋಗಿ, ಬಗ್ಗಿ ನೋಡಿದಳು.

"ಮಿಸ್, ಇಲ್ಲಿಂದ ನೋಡಿದ್ರೆ ಹೊಟ್ಟೆ ಬಲಗಡೆ ಇದೆ!"

ಚುಕ್ಕಿ ಅವಳ ಹತ್ತಿರ ಹೋದಳು. ತಾನೂ ಬಗ್ಗಿ, ಒಂದು ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನೋಡಿದಳು. ಹುಡುಗಿ ಹೇಳಿದ್ದು ನಿಜವಾಗಿತ್ತು.

"ಹೌದು ಕಣಮ್ಮ" ಎಂದು ಅವಳ ತಲೆ ಸವರಿದಳು. "ಅದಕ್ಕೇ ಅಲ್ವಾ ಈ ಕಡೆ ಬೆಂಚು ಹಾಕಿಲ್ಲ?"

ಹುಡುಗಿಗೆ ಅರ್ಥವಾಯಿತು. ತನ್ನ ಜಾಗಕ್ಕೆ ಹೋಗಿ ಕೂತು, ಬಹಳ ಚೆನ್ನಾಗಿ ಬರೆದಳು.