ಹದಿನಾರು ಗ್ರಾಂ ಹಸು ಕಳುವಾದ ಪ್ರಕರಣ

"ಈ ವರ್ಷ ಗೇಟು ತೆಗೆಯೋರು ನಮ್ಮ ಮಕ್ಕಳೇ! ಬೇಕಿದ್ರೆ ಬರೆದಿಟ್ಕೋ!"

ಭಾನುವಾರ ಬೆಳಿಗ್ಗೆ ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ನಾನು ಹೀಗೆ ಘೋಷಿಸಿದೆ. ನನ್ನ ಹೆಂಡತಿ ಸಿಡ್ಸೆಲ್ ಬರೆದಿಟ್ಟುಕೊಳ್ಳಲಿಲ್ಲ. ಕಾಫಿ ಕುಡಿದಳು.

ಪಕ್ಕದ ಮನೆಯ ಪ್ರೇಬೆನ್‌ನ ಕೆಂಪು ಹಸುಗಳು ಡೆನ್ಮಾರ್ಕಿನ ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಕಳೆದು, ಏಪ್ರಿಲ್‌ನಲ್ಲಿ ಮೊದಲ ಸಲ ಹುಲ್ಲುಗಾವಲಿಗೆ ಇಳಿಯುತ್ತವೆ. ಅವು ಕುಣಿಯುವುದನ್ನು ನೋಡಲು ಊರೆಲ್ಲ ಬೇಲಿಯ ಬಳಿ ನೆರೆಯುತ್ತದೆ. ಅದಕ್ಕೂ ಮುಂಚೆ ಊರಿನ ಸಭಾಭವನದಲ್ಲಿ ಮಕ್ಕಳಿಗೊಂದು ಸ್ಪರ್ಧೆ. ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಆಟದ ಇಟ್ಟಿಗೆಗಳಲ್ಲಿ ಒಂದು ಸಾಕುಪ್ರಾಣಿಯನ್ನು ಕಟ್ಟಬೇಕು. ಗೆದ್ದವರು ಕೊಟ್ಟಿಗೆಯ ಗೇಟು ತೆಗೆಯುತ್ತಾರೆ. ನನ್ನ ಮಗಳು ಆಸ್ತಾಗೆ ಒಂಬತ್ತು ವರ್ಷ. ಐದನೆಯ ವಯಸ್ಸಿನಿಂದ ಅವಳಿಗೆ ಆ ಗೇಟಿನದೇ ಧ್ಯಾನ. ಹೋದ ವರ್ಷ ನಮ್ಮ ಇಟ್ಟಿಗೆ ಕೋಳಿ ಸಭಾಭವನದ ಮೆಟ್ಟಿಲ ಮೇಲೆಯೇ ಎರಡೂ ಕಾಲು ಕಳೆದುಕೊಂಡು ಕುಕ್ಕರುಬಡಿಯಿತು. ಅವಳು ಅಳಲಿಲ್ಲ. ಬೇಲಿಯ ಬಳಿ ನಿಂತು, ಬೇರೆ ಯಾರದೋ ಕೈ ಆ ಚಿಲಕ ಎಳೆಯುವುದನ್ನು ನೋಡಿದಳು. ಅವಳು ಅತ್ತಿದ್ದರೇ ನನಗೆ ಹಗುರಾಗುತ್ತಿತ್ತು.

"ಈ ಸಲ ವೈಜ್ಞಾನಿಕವಾಗಿ ಕಟ್ಟೋಣ" ಎಂದೆ.

ನಾನು ಡೈರಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಹಾಲಿಗೆ ನೀರು ಸೇರಿದೆಯೇ ಎಂದು ಪತ್ತೆ ಹಚ್ಚುವುದು ನನ್ನ ಕಸುಬು. ಅನುಮಾನ ನನ್ನ ದೌರ್ಬಲ್ಯವಲ್ಲ, ಅದು ನನ್ನ ವಿದ್ಯಾರ್ಹತೆ!

ಸೋಮವಾರ ಸಂಜೆ ಕಾಮಗಾರಿ ಶುರುವಾಯಿತು. ಪ್ರೇಬೆನ್‌ನ ಹಸುವಿನ ಹನ್ನೆರಡರಲ್ಲಿ ಒಂದಂಶದ ಅಳತೆಯ ನಕ್ಷೆ ಸಿದ್ಧವಿತ್ತು. ದೊಡ್ಡವರು ಕಟ್ಟಬಾರದು, ಇಟ್ಟಿಗೆ ಹುಡುಕಿಕೊಡಬಹುದು ಎಂದು ಸ್ಪರ್ಧೆಯ ನಿಯಮ. ನಾನು ಹುಡುಕಿದ ಇಟ್ಟಿಗೆಯನ್ನು ಅದರ ಜಾಗದವರೆಗೂ ತಲುಪಿಸುತ್ತಿದ್ದೆ, ಅಷ್ಟೇ.

"ಅಪ್ಪಾ, ಒಂದಾದ್ರೂ ನಾನು ಹಾಕ್ಲಾ?" ಎಂದಳು ಆಸ್ತಾ.

"ತಡಿ ಪುಟ್ಟಿ, ಬೆನ್ನಿನ ಇಳಿಜಾರು ಎರಡು ಮಿಲಿಮೀಟರ್ ತಪ್ಪಿದೆ."

"ಇದು ಮಲಗಲ್ವಾ?" ಎಂದ ಆರು ವರ್ಷದ ಮಗ ವಿಗ್ಗೊ. "ಹಸು ಅಂದ್ರೆ ಮಲಗ್ಬೇಕು. ಮಲಗಿ ಮೆಲುಕು ಹಾಕ್ಬೇಕು."

"ನಕ್ಷೆಯಲ್ಲಿ ಮಲಗಿಲ್ಲ."

ಮಲಗುವ ಮುನ್ನ ಅರ್ಧ ಕಟ್ಟಿದ ಹಸುವನ್ನೂ ಉಳಿದ ಕೆಂಪು ಇಟ್ಟಿಗೆಗಳ ಡಬ್ಬಿಯನ್ನೂ ಒಟ್ಟಿಗೆ ತೂಗಿದೆ. ಮೂರು ಸಾವಿರದ ನಾನೂರ ಹದಿನೆಂಟು ಗ್ರಾಂ. ಮಂಗಳವಾರ ಸಂಜೆ ಮತ್ತೆ ತೂಗಿದೆ. ಮೂರು ಸಾವಿರದ ನಾನೂರ ಎರಡು!

ಹದಿನಾರು ಗ್ರಾಂ ಮಾಯ! ಸಿಕ್ಕಿಸಲು ಮೇಲೆ ಎಂಟು ಉಬ್ಬು ಗುಬುಟುಗಳಿರುವ ಇಟ್ಟಿಗೆ ಒಂದಕ್ಕೆ ಎರಡೂಕಾಲು ಗ್ರಾಂಗಿಂತ ತುಸು ಜಾಸ್ತಿ. ಲೆಕ್ಕ ಹಾಕಿದರೆ ಸರಿಯಾಗಿ ಏಳು ಇಟ್ಟಿಗೆ.

"ಸೋಫಾ ಕೆಳಗೆ ನೋಡು" ಎಂದಳು ಸಿಡ್ಸೆಲ್.

ನೋಡಿದೆ. ನಾಲ್ಕು ಕಾಲುಚೀಲ, ಒಂದು ಒಣಗಿದ ಕ್ಯಾರೆಟ್. ಇಟ್ಟಿಗೆ ಇಲ್ಲ. "ಇದು ಕಳ್ಳತನ ಸಿಡ್ಸೆಲ್."

"ನಮ್ಮೂರಲ್ಲಿ ಮನೆಗೆ ಬೀಗ ಹಾಕೋರೇ ಇಲ್ಲ, ಟ್ರೋಲ್ಸ್."

"ಅದಕ್ಕೇ ಅಂದಿದ್ದು!"

ಬುಧವಾರ ಇನ್ನೂ ಭೀಕರವಾದ ಸುಳಿವು ಸಿಕ್ಕಿತು. ವಿಗ್ಗೊ ಆಕಳಿಸಿದ. ಬಾಯೊಳಗೆ ಕತ್ತಲು!

"ನಾಲಿಗೆ ಚಾಚು."

ಚಾಚಿದ. ಟಾರು ರಸ್ತೆಯಂತೆ ಕಪ್ಪು. ಉಪ್ಪು ಹಾಕಿದ ಜ್ಯೇಷ್ಠಮಧುವಿನ ಕಪ್ಪು ಮಿಠಾಯಿ! ನಮ್ಮ ಮನೆಯಲ್ಲಿ, ನಮ್ಮ ಮನೆಯಲ್ಲೇನು, ಇಡೀ ಬೀದಿಯಲ್ಲಿ, ಮಕ್ಕಳಿಗೆ ಮಿಠಾಯಿ ಸಿಗುವುದು ಶುಕ್ರವಾರ ಸಂಜೆ ಮಾತ್ರ. ಅಂದು ಬುಧವಾರ!

"ಯಾರು ಕೊಟ್ಟಿದ್ದು?"

"ಹೇಳಲ್ಲ."

"ಯಾಕೆ ಹೇಳಲ್ಲ?"

"ಹೇಳಿದ್ರೆ ನಾಳೆ ಸಿಗಲ್ಲ."

ಲಂಚ! ನನ್ನ ಸ್ವಂತ ಮಗ ವೈರಿಯ ಸಂಬಳದಲ್ಲಿದ್ದಾನೆ! ನಾನು ಸಿಡ್ಸೆಲ್ ಕಡೆ ತಿರುಗಿದೆ. ಅವಳು ಪಾತ್ರೆ ತೊಳೆಯುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕೋಟಿನ ಜೇಬಿನಲ್ಲಿ ಸದಾ ಅದೇ ಮಿಠಾಯಿ ಇಟ್ಟುಕೊಳ್ಳುವ ಮನುಷ್ಯ ಊರಿಗೆಲ್ಲ ಒಬ್ಬನೇ, ಪ್ರೇಬೆನ್. ಅವನ ಮೊಮ್ಮಗಳೂ ಸ್ಪರ್ಧೆಯಲ್ಲಿದ್ದಾಳೆ. ಸೋಮವಾರ ಅವನು ಮೊಟ್ಟೆ ಕೊಡುವ ನೆಪದಲ್ಲಿ ನಮ್ಮ ಅಡುಗೆಮನೆಗೂ ಬಂದಿದ್ದ. ಬುಧವಾರ ರಾತ್ರಿಯೇ ಪ್ರಯೋಗಾಲಯದ ನೇರಳೆ ಶಾಯಿಯಿಂದ ಡಬ್ಬಿಯ ಪ್ರತಿ ಇಟ್ಟಿಗೆಗೂ ಒಂದೊಂದು ಚುಕ್ಕೆ ಇಟ್ಟೆ. ಇನ್ನೂರ ಆರು ಚುಕ್ಕೆ! ಗುರುವಾರ ತೂಗಿದರೆ ಮತ್ತೆ ಮೂವತ್ತೇಳು ಗ್ರಾಂ ಖೋತಾ. ನೆಟ್ಟಗೆ ಪ್ರೇಬೆನ್‌ನ ಕೊಟ್ಟಿಗೆಗೆ ನಡೆದೆ.

ಅವನು ಕರುಗಳ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದ.

"ಒಳಗೆ ಬರಬಹುದಾ?"

"ಇವತ್ತು ಬೇಡ ಟ್ರೋಲ್ಸ್. ಕರು ಇನ್ನೂ ಸರಿಯಾಗಿ ನಿಲ್ತಾ ಇಲ್ಲ."

"ಬರೀ ನೋಡ್ತೀನಿ ಮಾರಾಯ."

"ನೀನು ನೋಡೋದೇ ತೊಂದ್ರೆ. ನೀನು ನೋಡಿದ್ರೆ ಹಾಲೂ ಹೆದರ್ಕೊಳ್ಳುತ್ತೆ."

ಅವನ ಬೂಟಿನ ಪಕ್ಕದ ಹುಲ್ಲಿನಲ್ಲಿ ಏನೋ ಕೆಂಪಗೆ ಹೊಳೆಯಿತು. ಲೇಸು ಕಟ್ಟುವವನಂತೆ ಬಗ್ಗಿ ಎತ್ತಿಕೊಂಡೆ. ಎಂಟು ಗುಬುಟು. ನಡುವೆ ಒಂದು ನೇರಳೆ ಚುಕ್ಕೆ!

"ಅದು ಅವನೇ" ಎಂದು ಮನೆಗೆ ಬಂದು ಸಿಡ್ಸೆಲ್‌ಗೆ ವರದಿ ಒಪ್ಪಿಸಿದೆ. "ಮೊದಲು ಡಬ್ಬಿ, ಆಮೇಲೆ ಹಸುವಿಗೇ ಕೈ ಹಾಕ್ತಾನೆ. ರಾತ್ರೋರಾತ್ರಿ ಒಂದು ಕಾಲು ಕಿತ್ಕೊಂಡು ಹೋದ್ರೆ?"

"ಎಪ್ಪತ್ತೆರಡು ವರ್ಷದ ಪ್ರೇಬೆನ್? ಇಟ್ಟಿಗೆ ಹಸುವಿನ ಕಾಲಿಗೆ? ಹೋಗಿ ಸ್ವಲ್ಪ ಮಲಗು."

ನಾನು ಮಲಗಲಿಲ್ಲ. ಶುಕ್ರವಾರ ಮಧ್ಯಾಹ್ನ ಮಕ್ಕಳು ಈಜಲು ಹೋಗಿದ್ದಾಗ, ಯಾರಿಗೂ ಹೇಳಬಾರದ ಆ ಕೆಲಸ ಮಾಡಿದೆ. ಹಸುವಿಗೆ ಅಂಟು ಹಾಕಿದೆ.

ಈ ಇಟ್ಟಿಗೆ ಹುಟ್ಟಿದ್ದು ನಮ್ಮಿಂದ ಅರ್ಧ ಗಂಟೆ ದೂರದಲ್ಲಿ. ಡೆನ್ಮಾರ್ಕಿನ ಈ ಮೂಲೆಯಲ್ಲಿ ಹೆಂಡತಿಯನ್ನು ಬಿಟ್ಟವನನ್ನೂ ಕಾಫಿಗೆ ಕರೆಯುತ್ತಾರೆ, ಇಟ್ಟಿಗೆಗೆ ಅಂಟು ಹಾಕಿದವನನ್ನು ಕರೆಯುವುದಿಲ್ಲ. ಇಲ್ಲಿ ಬಿಚ್ಚಲು ಬಾರದ್ದು ಆಟವೇ ಅಲ್ಲ. ಆದರೆ ಯುದ್ಧಕಾಲದಲ್ಲಿ ಯುದ್ಧಕಾಲದ ಕ್ರಮ! ಸಾಲದೆ ಬಂದ ಇಪ್ಪತ್ಮೂರು ಇಟ್ಟಿಗೆಗಳ ಜಾಗದಲ್ಲಿ ಹಳದಿಯನ್ನು ತುಂಬಿದೆ. ಹಸುವಿನ ಹಿಂಭಾಗಕ್ಕೆ ಸಾಸಿವೆ ಮೆತ್ತಿದಂತೆ ಕಂಡಿತು. ಅದನ್ನು ಬಟ್ಟೆಯಿಂದ ಮುಚ್ಚಿ, "ಬಣ್ಣ ಒಣಗ್ತಿದೆ, ಯಾರೂ ಮುಟ್ಬೇಡಿ" ಎಂದೆ. ಅಂದು ಸಂಜೆ ಮಿಠಾಯಿಯ ಬಟ್ಟಲು ಮುಂದಿಟ್ಟರೆ ಮಕ್ಕಳಿಬ್ಬರೂ ಎರಡೇ ಎರಡು ತೆಗೆದುಕೊಂಡರು. ಹೊಟ್ಟೆ ತುಂಬಿದೆಯಂತೆ! ನನ್ನ ಅನುಮಾನಕ್ಕೆ ರುಜುವಾತಿನ ಮೇಲೆ ರುಜುವಾತು.

ಭಾನುವಾರ ಸಭಾಭವನದ ಉದ್ದ ಮೇಜಿನ ಮೇಲೆ ಏಳು ಹಂದಿ, ಮೂರು ಕುರಿ, ಒಂದು ಬಾತುಕೋಳಿ. ನಡುವೆ ಮಹಾರಾಣಿಯಂತೆ ನಮ್ಮ ಹಸು. ತೀರ್ಪುಗಾರ್ತಿ ಇಂಗರ್ ಒಂದು ಕಾಲದಲ್ಲಿ ನನಗೂ ಪಾಠ ಹೇಳಿದ ಟೀಚರ್. ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಹೋದ ವರ್ಷ ಅಪ್ಪಂದಿರ ಕಾಟ ಜಾಸ್ತಿ ಆಯ್ತು. ಅದಕ್ಕೇ ಈ ಸಲ ಒಂದು ಹೊಸ ಪರೀಕ್ಷೆ. ಪ್ರತಿ ಮಗುವೂ ತನ್ನ ಪ್ರಾಣಿಯ ತಲೆ ಬಿಚ್ಚಿ, ಮತ್ತೆ ಜೋಡಿಸ್ಬೇಕು. ಕಟ್ಟಿದೋರಿಗೆ ಬಿಚ್ಚೋಕೆ ಗೊತ್ತಿರುತ್ತೆ."

ನಾನು ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ಆಸ್ತಾ ಹಸುವಿನ ತಲೆ ಹಿಡಿದು ಎಳೆದಳು. ಬರಲಿಲ್ಲ. ಎರಡೂ ಕೈಯಲ್ಲಿ ಎಳೆದಳು. ತಲೆಯ ಜೊತೆಗೆ ಹಸು, ಹಸುವಿನ ಜೊತೆಗೆ ಹಲಗೆ, ಹಲಗೆಯ ಜೊತೆಗೆ ಮೇಜಿನ ಬಟ್ಟೆ, ಎಲ್ಲವೂ ಎದ್ದು ಬಂದವು. ಬಾತುಕೋಳಿ ಉರುಳಿತು.

ಇಂಗರ್ ಬಗ್ಗಿ ಮೂಸಿದರು. "ಅಂಟು!"

ಯಾರದೋ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು.

"ಟ್ರೋಲ್ಸ್" ಎಂದರು ಇಂಗರ್, ಮೂರನೇ ತರಗತಿಯ ಅದೇ ದನಿಯಲ್ಲಿ. "ಎದ್ದು ನಿಲ್ಲು."

ನಿಂತೇ ಇದ್ದೆ. ಆದರೂ ಇನ್ನಷ್ಟು ನಿಂತೆ. "ಕಳ್ಳರಿದ್ರು, ಟೀಚರ್..."

ಆಸ್ತಾ ನನ್ನನ್ನು ನೋಡಿದಳು. ಹೋದ ವರ್ಷ ಬೇಲಿಯ ಬಳಿ ನಿಂತಾಗ ಇದ್ದ ಅದೇ ಮುಖ. ಈ ಸಲ ಕೋಳಿಯ ಕಾಲಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಕಳ್ಳ ಯಾರೇ ಆಗಿರಲಿ, ಆ ಗೇಟನ್ನು ಅವಳಿಂದ ಕಸಿದುಕೊಂಡವನು ನಾನೇ.

ಅಷ್ಟರಲ್ಲಿ ವಿಗ್ಗೊ ಮೇಜಿನ ಕೆಳಗೆ ತೂರಿ ಒಂದು ಚಪ್ಪಲಿ ಪೆಟ್ಟಿಗೆ ಎಳೆದು ತಂದ. ಒಳಗೊಂದು ಕೆಂಪು ಕರು! ಮಲಗಿತ್ತು. ಸೊಟ್ಟ ಮೂತಿ, ಕಿವಿಯಲ್ಲೊಂದು ಹಳದಿ ಬಿಲ್ಲೆ, ಮೈತುಂಬ ನೇರಳೆ ಚುಕ್ಕೆ.

"ಇದೇನೋ ಚುಕ್ಕೆ?" ಎಂದರು ಇಂಗರ್.

"ಅಪ್ಪ ಇಟ್ಟಿದ್ದು. ಕಳ್ಳನ್ನ ಹಿಡಿಯೋಕಂತೆ. ಕಳ್ಳ ನಾವೇ."

"ಹಸುಗೆ ಕರು ಬೇಕಲ್ವಾ ಅಪ್ಪ" ಎಂದಳು ಆಸ್ತಾ ಮೆಲ್ಲಗೆ. "ನಿನಗೆ ಗೊತ್ತಾಗ್ದೆ ಇರ್ಲಿ ಅಂತ ಪ್ರೇಬೆನ್ ಹತ್ರ ಹೋಗಿ, ನಿಜವಾದ ಕರು ನೋಡ್ಕೊಂಡು ಕಟ್ಟಿದ್ವಿ. ಎಲ್ಲಾ ನಾವೇ ಹಾಕಿದ್ದು."

ವಿಗ್ಗೊ ಕರುವಿನ ತಲೆಯನ್ನು ಟಕ್ಕೆಂದು ಬಿಚ್ಚಿ, ಹಿಂದುಮುಂದಾಗಿ ಸಿಕ್ಕಿಸಿ, ಬಿದ್ದು ಬಿದ್ದು ನಕ್ಕು, ಮತ್ತೆ ಸರಿಯಾಗಿ ಕೂರಿಸಿದ. ಅಂಥ ಪರೀಕ್ಷೆಗೆ ಇನ್ನು ತೀರ್ಪು ಬೇಕೇ? ಕರುವೇ ಗೆದ್ದಿತು.

ಅರ್ಧ ಗಂಟೆಯ ನಂತರ ಆಸ್ತಾ ಕೊಟ್ಟಿಗೆಯ ಚಿಲಕ ಎಳೆದಳು. ಐದು ವರ್ಷದವಳಿದ್ದಾಗಿನಿಂದ ಎಳೆಯುತ್ತಲೇ ಬಂದವಳಂತೆ, ಒಂದೇ ಎಳೆತ! ಎಂಬತ್ತು ಹಸುಗಳು ಬಾಲ ಎತ್ತಿ, ಹಿಂಗಾಲು ಒದೆದು, ಹುಲ್ಲಿಗೆ ನುಗ್ಗಿದವು. ನಾನು ಅಂಟಿನ ಹಸುವನ್ನು ಕಂಕುಳಲ್ಲಿ ಇಟ್ಟುಕೊಂಡು ಬೇಲಿಯ ಬಳಿ ನಿಂತಿದ್ದೆ. ಪ್ರೇಬೆನ್ ಬಂದು ನನ್ನ ಹೆಗಲು ತಟ್ಟಿದ.

"ಕ್ಷಮಿಸು ಮಾರಾಯ, ನಿನ್ನ ಮೇಲೆ ಅನುಮಾನ ಪಟ್ಟೆ" ಎಂದೆ. "ಆದ್ರೂ ಬುಧವಾರ ನನ್ನ ಮಕ್ಕಳಿಗೆ ಮಿಠಾಯಿ ಕೊಟ್ಟಿದ್ದು ತಪ್ಪು."

"ನಾನಾ? ಶುಕ್ರವಾರ ಬಿಟ್ಟು ಕೊಟ್ರೆ ನಿನ್ನ ಹೆಂಡ್ತಿ ನನ್ನ ಸಿಗಿದು ಹಾಕ್ತಾಳೆ!"

ಹಾಗಾದರೆ? ನಾನು ನಿಧಾನವಾಗಿ ತಿರುಗಿದೆ. ಸಿಡ್ಸೆಲ್ ಹಸುಗಳನ್ನು ವಿಪರೀತ ಆಸಕ್ತಿಯಿಂದ ನೋಡುತ್ತಿದ್ದಳು. ಅವಳ ಕೋಟಿನ ಜೇಬಿನಿಂದ ಒಂದು ಕಪ್ಪು ಪೊಟ್ಟಣ ಇಣುಕುತ್ತಿತ್ತು.

"ನೀನೇನಾ? ಯಾಕೆ?"

"ಸೋಮವಾರ ನೀನು ಇಳಿಜಾರು ಅಳೆಯೋಕೆ ಶುರು ಮಾಡ್ದಾಗ ಇಬ್ರೂ ಎದ್ದು ಹೊರಟಿದ್ರು. ನಿನಗೆ ಬೇಜಾರಾಗುತ್ತೆ ಅಂತ ನಾನೇ ಒಪ್ಸಿದೆ. ದಿನಾ ಒಂದು ಗಂಟೆ ನಿನ್ನ ಪಕ್ಕ ಕೂತ್ರೆ ತಲೆಗೆ ಎರಡೆರಡು ಮಿಠಾಯಿ."

ಹಸುಗಳು ಕುಣಿಯುತ್ತಲೇ ಇದ್ದವು. ಕೆನ್ನೆ ಕೆಂಪಾದ ಆಸ್ತಾ ಗೇಟಿನಿಂದ ಓಡಿಬಂದಳು.

"ಮುಂದಿನ ವರ್ಷ ಹಂದಿ ಕಟ್ತೀವಿ ಅಪ್ಪ! ಮರಿಗಳೂ ಇರುತ್ತೆ!"

"ನಾನೂ ಸೇರ್ಕೊಳ್ಲಾ? ಬರೀ ಇಟ್ಟಿಗೆ ಹುಡುಕಿ ಕೊಡ್ತೀನಿ. ತೂಕ ಮಾಡಲ್ಲ, ಅಳೆಯಲ್ಲ. ಆಣೆ."

ಆಸ್ತಾ ತಮ್ಮನ ಮುಖ ನೋಡಿದಳು. ವಿಗ್ಗೊ ನನ್ನನ್ನು ಅಡಿಯಿಂದ ಮುಡಿಯವರೆಗೆ ಅನುಮಾನದಿಂದ ನೋಡಿ, ಕೊನೆಗೆ ಅಮ್ಮನ ಕಡೆ ತಿರುಗಿದ.

"ಅಮ್ಮಾ, ಈ ಸಲ ತಲೆಗೆ ನಾಲ್ಕು."